ಫೈನಾನ್ಸ್ ಕಂಪನಿಯಿಂದಲೇ ನಿಮ್ಮ ಮಾಹಿತಿ ಸೋರಿದರೆ ಕಾನೂನಿನಲ್ಲಿ ಏನು ದಾರಿ? ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಮಧ್ಯಾಹ್ನ ನಮ್ಮ ದೊಡ್ಡಮ್ಮನಿಗೆ ಫೋನ್ ಬಂತು. ಆ ಕಡೆಯವನು ಅವರ ಹೆಸರು ಹೇಳಿದ. ಸ್ಕೂಟರ್ ಸಾಲದ ನಂಬರ್ ಹೇಳಿದ. ತಿಂಗಳ ಕಂತು ಎಷ್ಟು, ಯಾವ ತಾರೀಖಿಗೆ ಖಾತೆಯಿಂದ ಹೋಗುತ್ತದೆ ಎಂದೂ ಹೇಳಿದ. ದೊಡ್ಡಮ್ಮ ನಂಬಿದರು. ಮನೆಯವರಿಗೇ ಸರಿಯಾಗಿ ಗೊತ್ತಿಲ್ಲದ ಲೆಕ್ಕ ಅವನ ಬಾಯಲ್ಲಿ ಇತ್ತು, ನಂಬದೆ ಇನ್ನೇನು ಮಾಡುತ್ತಾರೆ? ಒಟಿಪಿ ಓದಲು ಕನ್ನಡಕ ಹುಡುಕುತ್ತಿದ್ದಾಗ ಅಕ್ಕ ಬಂದು ಫೋನ್ ಕಿತ್ತುಕೊಂಡಳು. ದುಡ್ಡು ಉಳಿಯಿತು. ಆದರೆ ಸಾಲದ ಕಡತದಲ್ಲಿದ್ದ ವಿವರ ಊರೆಲ್ಲ ತಿರುಗುತ್ತಿದೆ ಎನ್ನುವುದು ಅವತ್ತು ಖಾತ್ರಿಯಾಯಿತು.

ಆಮೇಲೆ ಕೆಲವು ತಿಂಗಳು ನಾನು ಈ ಕಾಗದಪತ್ರಗಳ ಹಿಂದೆ ಓಡಾಡಿದೆ. ಆ ಓಡಾಟದಲ್ಲಿ ನೆಂಟರು, ಅಕ್ಕಪಕ್ಕದವರು, ಗೆಳೆಯರು ಕೇಳಿದ ಪ್ರಶ್ನೆಗಳು ಇಲ್ಲಿವೆ. ನಾನು ಕಲಿತ ದೊಡ್ಡ ಪಾಠ ಒಂದೇ: ಇಂಥ ವಿಷಯದಲ್ಲಿ ನಿಮ್ಮ ಹಕ್ಕು ನಿಂತಿರುವುದು ಎರಡರ ಮೇಲೆ. ಒಂದು ತಾರೀಖು, ಇನ್ನೊಂದು ಬರಹ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೂಗಾಡಿದ್ದು ಯಾವ ಕಡತಕ್ಕೂ ಸೇರುವುದಿಲ್ಲ.

ಮಾಹಿತಿ ಸೋರಿದ್ದು ಆ ಕಂಪನಿಯಿಂದಲೇ ಅಂತ ತೋರಿಸೋದು ಹೇಗೆ?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದೇ. ನಮ್ಮ ಫೋನ್ ನಂಬರ್ ಹತ್ತಾರು ಕಡೆ ಇರುತ್ತದೆ. ಹಾಗಾಗಿ "ನನಗೆ ಫೋನ್ ಬಂತು" ಎಂದರೆ ಸಾಲದು. ಒಂದೇ ಕಡೆ ಇರುವ ವಿವರ ಯಾವುದು ಎಂದು ಹುಡುಕಬೇಕು. ಸಾಲದ ಖಾತೆ ನಂಬರ್, ಪಾಲಿಸಿ ನಂಬರ್, ಕಂತಿನ ಮೊತ್ತ, ಸಾಲಕ್ಕೆಂದೇ ಕೊಟ್ಟ ಬೇರೆ ಇಮೇಲ್, ಜಾಮೀನು ಹಾಕಿದವರ ಹೆಸರು, ಇಂಥವು.

ದೊಡ್ಡಮ್ಮನ ವಿಷಯದಲ್ಲಿ ಸುಳಿವು ಸಿಕ್ಕಿದ್ದು ಒಂದು ತಪ್ಪಿನಿಂದ. ಅವರ ಇನಿಷಿಯಲ್ 'ಕೆ'. ಸಾಲದ ಅರ್ಜಿ ತುಂಬಿದ ಹುಡುಗ ಕಂಪ್ಯೂಟರಿನಲ್ಲಿ 'ಜಿ' ಎಂದು ಹೊಡೆದಿದ್ದ. ಆಧಾರ್, ಪಾನ್, ಪಾಸ್‌ಬುಕ್ ಎಲ್ಲದರಲ್ಲೂ 'ಕೆ' ಇದೆ. 'ಜಿ' ಇರುವುದು ಆ ಸಾಲದ ಕಡತದಲ್ಲಿ ಮಾತ್ರ. ಫೋನ್ ಮಾಡಿದವನು ಕರೆದದ್ದು 'ಜಿ' ಹಚ್ಚಿಯೇ! ಅಕ್ಕ ಅದನ್ನು ಕೂಡಲೇ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಳು. ಕರೆ ಬಂದ ಸಮಯ, ನಂಬರ್, ಅವನು ಹೇಳಿದ ಮಾತು, ಎಲ್ಲಾ. ಈಗ ನಮ್ಮ ಹತ್ತಿರ ಇರುವ ಅತಿ ಗಟ್ಟಿ ದಾಖಲೆ ಆ ಕ್ಯಾಲೆಂಡರ್ ಹಾಳೆಯೇ.

ನೀವೂ ಹಾಗೇ ಮಾಡಿ. ಕಾಲ್ ಲಾಗ್, ಎಸ್‌ಎಂಎಸ್, ವಾಟ್ಸಾಪ್ ಮೆಸೇಜ್ ಯಾವುದನ್ನೂ ಅಳಿಸಬೇಡಿ. ಕೋಪದಲ್ಲಿ ನಂಬರ್ ಬ್ಲಾಕ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ.

ದುಡ್ಡು ಹೋಗಿದೆ. ಮೊದಲು ಏನು ಮಾಡಲಿ?

1930ಕ್ಕೆ ಫೋನ್ ಮಾಡಿ. ಇದು ಸೈಬರ್ ವಂಚನೆಗೆಂದೇ ಇರುವ ದೇಶದ ಸಹಾಯವಾಣಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ಹಿಡಿದು ನಿಲ್ಲಿಸುವುದು ಇದರ ಕೆಲಸ. ಹಾಗಾಗಿ ಬೇಗ ಮಾಡಿದಷ್ಟೂ ಒಳ್ಳೆಯದು. ಅದಾದ ತಕ್ಷಣ ನಿಮ್ಮ ಬ್ಯಾಂಕಿಗೆ ತಿಳಿಸಿ, ಕಾರ್ಡ್ ಮತ್ತು ಯುಪಿಐ ಬಂದ್ ಮಾಡಿಸಿ, ದೂರಿನ ನಂಬರ್ ಕೇಳಿ ಬರೆದುಕೊಳ್ಳಿ. ಮೂರನೆಯದು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು. ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳಿಗೆಂದೇ ಸಿಇಎನ್ ಪೊಲೀಸ್ ಠಾಣೆಗಳಿವೆ, ಅಲ್ಲಿಗೂ ಹೋಗಬಹುದು.

"ಇದು ನಮ್ಮ ಠಾಣೆ ವ್ಯಾಪ್ತಿಗೆ ಬರಲ್ಲ" ಎಂದು ವಾಪಸ್ ಕಳಿಸಿದರೆ ಸುಮ್ನೆ ಬರಬೇಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಠಾಣೆಯವರು ದೂರು ತೆಗೆದುಕೊಳ್ಳಬೇಕು. ಅದನ್ನೇ ಝೀರೋ ಎಫ್‌ಐಆರ್ ಎನ್ನುವುದು.

ಹೋದ ದುಡ್ಡನ್ನು ಬ್ಯಾಂಕ್ ವಾಪಸ್ ಕೊಡಬೇಕಾ?

ಬಹಳಷ್ಟು ಸಲ ಕೊಡಲೇಬೇಕು. ಜನಕ್ಕೆ ಇದು ಗೊತ್ತೇ ಇರುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆರ್‌ಬಿಐ 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿತು. ಅದು ಹೇಳಿದ್ದು ಹೀಗೆ. ತಪ್ಪು ಬ್ಯಾಂಕಿನದೇ ಆಗಿದ್ದರೆ ನಿಮ್ಮ ಹೊಣೆ ಸೊನ್ನೆ. ನೀವು ಯಾವಾಗ ತಿಳಿಸಿದಿರಿ ಎನ್ನುವುದೂ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ನಿಮ್ಮದೂ ಅಲ್ಲ, ನಡುವೆ ಬೇರೆ ಎಲ್ಲೋ ಸೋರಿದೆ ಎಂದಾದರೆ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಆಗಲೂ ಸೊನ್ನೆ. ಬ್ಯಾಂಕಿನ ಮೆಸೇಜ್ ಬಂದ ದಿನವನ್ನು ಬಿಟ್ಟು ಎಣಿಸಬೇಕು. ಶಾಖೆಗೆ ರಜೆ ಇದ್ದ ದಿನವೂ ಲೆಕ್ಕಕ್ಕಿಲ್ಲ.

ನಾಲ್ಕರಿಂದ ಏಳು ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಪಾಲಿನ ನಷ್ಟಕ್ಕೆ ಒಂದು ಮಿತಿ ಇದೆ. ಸಾಮಾನ್ಯ ಉಳಿತಾಯ ಖಾತೆಗೆ ಒಂದು ವಹಿವಾಟಿಗೆ ಹೆಚ್ಚೆಂದರೆ ₹10,000. ಕನಿಷ್ಠ ಬ್ಯಾಲೆನ್ಸ್ ಬೇಡದ ಮೂಲ ಉಳಿತಾಯ ಖಾತೆಯಾದರೆ ₹5,000. ₹5 ಲಕ್ಷಕ್ಕಿಂತ ಜಾಸ್ತಿ ಮಿತಿಯ ಕ್ರೆಡಿಟ್ ಕಾರ್ಡ್ ಆದರೆ ₹25,000. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಪಾಲಿಸಿ ಏನು ಹೇಳುತ್ತದೋ ಅಷ್ಟೇ.

ಇನ್ನೂ ಮೂರು ಮಾತು ಆ ಸುತ್ತೋಲೆಯಲ್ಲಿವೆ, ಇವನ್ನು ಬ್ಯಾಂಕಿಗೆ ಹೋಗುವಾಗ ನೆನಪಿಟ್ಟುಕೊಳ್ಳಿ. ನೀವು ತಿಳಿಸಿದ ಹತ್ತು ಕೆಲಸದ ದಿನದೊಳಗೆ ಆ ಮೊತ್ತವನ್ನು ತಾತ್ಕಾಲಿಕವಾಗಿ ನಿಮ್ಮ ಖಾತೆಗೆ ಹಾಕಬೇಕು, ಇನ್ಶೂರೆನ್ಸ್ ಹಣ ಬರಲಿ ಎಂದು ಕಾಯುವಂತಿಲ್ಲ. 90 ದಿನದೊಳಗೆ ದೂರು ಇತ್ಯರ್ಥ ಆಗಬೇಕು. ಮತ್ತು ತಪ್ಪು ಗ್ರಾಹಕರದು ಎಂದು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ. ಕೌಂಟರಿನಲ್ಲಿ ಕೂತವರು "ನೀವು ಯಾರಿಗೂ ಹೇಳಿಲ್ಲ ಅಂತ ಪ್ರೂಫ್ ಕೊಡಿ" ಎಂದರೆ, ಪ್ರೂಫ್ ಕೊಡಬೇಕಾದವರು ತಾವು ಎಂದು ಮರ್ಯಾದೆಯಿಂದಲೇ ಹೇಳಿ.

ಮೋಸಗಾರನ ಮಾತು ಕೇಳಿ ಆ್ಯಪ್ ಹಾಕಿಕೊಂಡುಬಿಟ್ಟೆ. ಇನ್ನು ಏನೂ ಸಿಗಲ್ವಾ?

ಅಷ್ಟು ಬೇಗ ಕೈಚೆಲ್ಲಬೇಡಿ. 2021ರ ಅಕ್ಟೋಬರ್‌ನಲ್ಲಿ ಅಸ್ಸಾಂನ ಗ್ರಾಹಕರೊಬ್ಬರಿಗೆ ಹೀಗೇ ಆಯಿತು. ಆನ್‌ಲೈನ್‌ನಲ್ಲಿ ಕೊಂಡ ಬಟ್ಟೆಯನ್ನು ವಾಪಸ್ ಕೊಡಲು ಹೊರಟಿದ್ದರು. ಬಟ್ಟೆ ಕಂಪನಿಯ ಕಸ್ಟಮರ್ ಕೇರ್ ಎಂದು ಹೇಳಿಕೊಂಡು ಒಬ್ಬ ಫೋನ್ ಮಾಡಿ, ಮೊಬೈಲಿಗೆ ಒಂದು ಆ್ಯಪ್ ಹಾಕಿಸಿದ. ಎಸ್‌ಬಿಐ ಖಾತೆಯಿಂದ ₹94,204 ಹೋಯಿತು. ಬಟ್ಟೆ ಮಾರುವ ವೆಬ್‌ಸೈಟಿನಿಂದ ಗ್ರಾಹಕರ ಮಾಹಿತಿ ಸೋರಿತ್ತು. ಅವರು 24 ಗಂಟೆಯೊಳಗೆ ಬ್ಯಾಂಕಿಗೆ ತಿಳಿಸಿದ್ದರು. ಬ್ಯಾಂಕ್ "ತಪ್ಪು ನಿಮ್ಮದೇ" ಎಂದಿತು. ಗುವಾಹಟಿ ಹೈಕೋರ್ಟ್ ಅದನ್ನು ಒಪ್ಪಲಿಲ್ಲ, ಗ್ರಾಹಕರ ಬೇಜವಾಬ್ದಾರಿ ಸಾಬೀತಾಗಿಲ್ಲ, ಹಣ ಕೊಡಿ ಎಂದಿತು. ಬ್ಯಾಂಕ್ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಜನವರಿಯಲ್ಲಿ ಅಲ್ಲೂ ಸೋತಿತು.

ಆದರೆ ಒಟಿಪಿಯನ್ನೋ ಪಿನ್ ಅನ್ನೋ ನೀವೇ ಬಾಯಿಬಿಟ್ಟು ಹೇಳಿದ್ದರೆ ದಾರಿ ಕಷ್ಟವಿದೆ. ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದ್ದು ಬ್ಯಾಂಕಿನದು. ಅದಕ್ಕೇ ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳದೆ ಕೂರುವುದು ಬೇಡ. ಹಿರಿಯರು ಮನೆಯವರ ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಾರೆ. ಮನೆಯಲ್ಲಿ ಮೊದಲೇ ಹೇಳಿಡಿ, ಯಾರೂ ಬೈಯುವುದಿಲ್ಲ, ತಕ್ಷಣ ತಿಳಿಸಿದರೆ ಸಾಕು ಅಂತ.

ದುಡ್ಡು ಹೋಗಿಲ್ಲ, ಮಾಹಿತಿ ಮಾತ್ರ ಹೋಗಿದೆ. ಅದಕ್ಕೂ ಕೇಸು ಹಾಕಬಹುದಾ?

ಹಾಕಬಹುದು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿದರು. ಆ ಅರ್ಜಿ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ವಯಸ್ಸು 80 ದಾಟಿದ ಮೇಲೆ ಕೋರ್ಟಿಗೆ ಹೋಗಿ ದೇಶಕ್ಕೆಲ್ಲ ಈ ಹಕ್ಕು ಗಟ್ಟಿ ಮಾಡಿಕೊಟ್ಟವರು. ಈ ವಿಷಯ ಬಂದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಖಾಸಗಿ ಕಂಪನಿಯ ವಿರುದ್ಧ ಕೈಗೆ ಸಿಗುವ ಕಾನೂನು ಐಟಿ ಕಾಯ್ದೆಯ 43ಎ ಸೆಕ್ಷನ್. ಸೂಕ್ಷ್ಮ ಮಾಹಿತಿ ಇಟ್ಟುಕೊಂಡ ಕಂಪನಿ ಅದನ್ನು ಕಾಯುವುದರಲ್ಲಿ ಅಸಡ್ಡೆ ಮಾಡಿ, ಅದರಿಂದ ನಿಮಗೆ ನಷ್ಟವಾದರೆ ಪರಿಹಾರ ಕೊಡಬೇಕು. ಬ್ಯಾಂಕ್ ಖಾತೆ, ಕಾರ್ಡ್ ವಿವರ, ಪಾಸ್‌ವರ್ಡ್, ಬೆರಳಚ್ಚು, ಆಸ್ಪತ್ರೆ ದಾಖಲೆ ಇವು ಸೂಕ್ಷ್ಮ ಮಾಹಿತಿ ಎಂದು 2011ರ ನಿಯಮಗಳು ಹೇಳುತ್ತವೆ. ಬರೀ ಹೆಸರು, ಫೋನ್ ನಂಬರ್ ಆ ಪಟ್ಟಿಯಲ್ಲಿಲ್ಲ.

ಈ ದೂರನ್ನು ಸಿವಿಲ್ ಕೋರ್ಟಿಗೆ ಒಯ್ಯುವಂತಿಲ್ಲ. ₹5 ಕೋಟಿವರೆಗಿನ ಪರಿಹಾರ ಕೇಳುವುದಾದರೆ ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿಯೇ ನ್ಯಾಯನಿರ್ಣಯ ಅಧಿಕಾರಿ. ಒಬ್ಬ ಐಎಎಸ್ ಅಧಿಕಾರಿ ಕೂತು ಕೇಸು ಕೇಳುತ್ತಾರೆ. ಇಂಥದ್ದೊಂದು ವ್ಯವಸ್ಥೆ ಇದೆ ಅಂತ ಎಷ್ಟೋ ವಕೀಲರಿಗೂ ತಕ್ಷಣ ಹೊಳೆಯುವುದಿಲ್ಲ. ಆದರೆ ಇದು ಕೆಲಸ ಮಾಡುತ್ತದೆ: 2010ರಲ್ಲಿ ತಮಿಳುನಾಡಿನ ಐಟಿ ಕಾರ್ಯದರ್ಶಿ, ನಕಲಿ ಇಮೇಲ್‌ನಿಂದ ಹಣ ಕಳೆದುಕೊಂಡ ಗ್ರಾಹಕರೊಬ್ಬರಿಗೆ ₹12.85 ಲಕ್ಷ ಕೊಡಿ ಎಂದು ಐಸಿಐಸಿಐ ಬ್ಯಾಂಕಿಗೆ ಐಟಿ ಕಾಯ್ದೆಯಡಿಯೇ ಆದೇಶ ಮಾಡಿದ್ದರು.

ನನ್ನ ಅಭಿಪ್ರಾಯ ಕೇಳಿದರೆ, ದೊಡ್ಡ ಮೊತ್ತ ಹೋಗಿದ್ದರೆ ಈ ದಾರಿ ಹಿಡಿಯಿರಿ. ದುಡ್ಡು ಹೋಗದೆ ಬರೀ ನೆಮ್ಮದಿ ಹೋಗಿದ್ದರೆ 43ಎ ಅಷ್ಟು ಗಟ್ಟಿ ನಿಲ್ಲುವುದಿಲ್ಲ, ಯಾಕೆಂದರೆ ಅದು ನಷ್ಟ ತೋರಿಸು ಎನ್ನುತ್ತದೆ. ಅಂಥವರಿಗೆ ಗ್ರಾಹಕ ಆಯೋಗ ವಾಸಿ. ಅದರ ಮಾತು ಮುಂದೆ ಬರುತ್ತದೆ.

ಹೊಸ ಡೇಟಾ ಕಾನೂನಿನಲ್ಲಿ ₹250 ಕೋಟಿ ದಂಡ ಇದೆಯಂತೆ. ಅದರಲ್ಲಿ ನನಗೆಷ್ಟು?

ಒಂದು ರೂಪಾಯಿಯೂ ಇಲ್ಲ. ಬರೆಯುವಾಗ ನನಗೇ ಬೇಜಾರಾಗುತ್ತದೆ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದದ್ದು 2023ರ ಆಗಸ್ಟ್‌ನಲ್ಲಿ. ಮಾಹಿತಿ ಕಾಯದ ಕಂಪನಿಗೆ ₹250 ಕೋಟಿವರೆಗೆ ದಂಡ, ಸೋರಿಕೆ ಮುಚ್ಚಿಟ್ಟರೆ ₹200 ಕೋಟಿವರೆಗೆ ದಂಡ. ಆದರೆ ಆ ದಂಡವೆಲ್ಲ ಭಾರತ ಸರ್ಕಾರದ ಸಂಚಿತ ನಿಧಿಗೆ, ಅಂದರೆ ಖಜಾನೆಗೆ ಹೋಗುತ್ತದೆ. ಮಾಹಿತಿ ಕಳೆದುಕೊಂಡವರಿಗೆ ಪರಿಹಾರ ಕೊಡಿಸುವ ಏರ್ಪಾಡು ಈ ಕಾಯ್ದೆಯಲ್ಲಿ ಇಲ್ಲ. ಅದರ ಮೇಲೆ, ಈ ಕಾಯ್ದೆ ಪೂರ್ತಿ ಜಾರಿಗೆ ಬಂದಾಗ ಐಟಿ ಕಾಯ್ದೆಯ 43ಎ ಸೆಕ್ಷನ್ ರದ್ದಾಗುತ್ತದೆ. ಇದ್ದ ಒಂದು ಪರಿಹಾರದ ಬಾಗಿಲೂ ಮುಚ್ಚುತ್ತದೆ ಅಂತ ಅರ್ಥ. ಸಂಸತ್ತು ಇಲ್ಲಿ ತಪ್ಪು ಮಾಡಿದೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಶುರುವಾಗುವುದು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ 43ಎ ಇದೆ. ನಿಮ್ಮ ಕೇಸು ಆ ದಾರಿಗೆ ಸೇರುವಂಥದ್ದಾದರೆ ತಡ ಮಾಡಬೇಡಿ.

ಹಾಗಂತ ಹೊಸ ಕಾನೂನು ಕೆಲಸಕ್ಕೆ ಬಾರದ್ದು ಅಂತಲ್ಲ. ಕಂಪನಿ ತಪ್ಪು ಮಾಡಿದೆ ಎಂದು, ಈ ಕಾಯ್ದೆಯಡಿ ವಿಚಾರಣೆ ಮಾಡಿ ದಂಡ ಹಾಕುವ ದತ್ತಾಂಶ ಸಂರಕ್ಷಣಾ ಮಂಡಳಿ ಹೇಳಿದರೆ, ಆ ಆದೇಶವನ್ನು ಗ್ರಾಹಕ ಆಯೋಗದ ಮುಂದೆ ಸಾಕ್ಷಿಯಾಗಿ ಇಡಬಹುದು.

ಸೋರಿಕೆ ಆಗಿದೆ ಎಂದು ಕಂಪನಿ ನನಗೆ ತಿಳಿಸಲೇಬೇಕಾ?

ಸೈಬರ್ ದಾಳಿ ಗೊತ್ತಾದ ಆರು ಗಂಟೆಯೊಳಗೆ ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆಗೆ ವರದಿ ಮಾಡಬೇಕು ಎಂಬ ನಿಯಮ 2022ರಿಂದ ಇದೆ. ಆದರೆ ಅದು ಸರ್ಕಾರಕ್ಕೆ ಹೇಳುವ ಮಾತಾಯಿತು, ನಮಗಲ್ಲ. ನಮಗೆ ನೇರವಾಗಿ ತಿಳಿಸುವ ಹೊಣೆ ಬರುವುದು ಹೊಸ ಕಾನೂನಿನಿಂದ. ತಡ ಮಾಡದೆ ಪ್ರತಿಯೊಬ್ಬರಿಗೂ ತಿಳಿಸಬೇಕು, ಮಂಡಳಿಗೆ 72 ಗಂಟೆಯೊಳಗೆ ಪೂರ್ತಿ ವರದಿ ಕೊಡಬೇಕು.

ಅಲ್ಲಿಯವರೆಗೆ ಸಾಮಾನ್ಯವಾಗಿ ನಮಗೆ ವಿಷಯ ಗೊತ್ತಾಗುವುದು ಪೇಪರ್ ಓದಿ. 2016ರಲ್ಲಿ ಸುಮಾರು 32 ಲಕ್ಷ ಡೆಬಿಟ್ ಕಾರ್ಡ್‌ಗಳ ವಿವರ ಸೋರಿದಾಗ, ತುಂಬಾ ಜನಕ್ಕೆ ಅದು ತಿಳಿದದ್ದು ಎಟಿಎಂನಲ್ಲಿ ಕಾರ್ಡ್ ಕೆಲಸ ಮಾಡದೆ ಹೋದಾಗ. 2024ರಲ್ಲಿ ಸ್ಟಾರ್ ಹೆಲ್ತ್ ವಿಮಾ ಗ್ರಾಹಕರ ಪಾಲಿಸಿ ಕಾಗದ, ವೈದ್ಯಕೀಯ ವರದಿಗಳು ಟೆಲಿಗ್ರಾಂನ ಚಾಟ್‌ಬಾಟ್‌ಗಳಲ್ಲಿ ಸಿಗುತ್ತಿವೆ ಎಂದು ಬಯಲಿಗೆ ತಂದದ್ದು ರಾಯಿಟರ್ಸ್ ಸುದ್ದಿಸಂಸ್ಥೆ. 3.1 ಕೋಟಿ ಗ್ರಾಹಕರ ಮಾಹಿತಿ ತನ್ನ ಬಳಿ ಇದೆ ಎಂದು ಹ್ಯಾಕರ್ ಹೇಳಿಕೊಂಡಿದ್ದ. ಯಾರದೋ ಕಾಯಿಲೆಯ ವರದಿ ಯಾರ ಯಾರ ಮೊಬೈಲಿಗೋ ಹೋಗುವುದು ಎಂದರೆ ಸಣ್ಣ ಮಾತಾ?

ಕಂಪನಿಗೆ ಪತ್ರ ಬರೆಯಬೇಕು ಅಂತಾರೆ. ಏನಂತ ಬರೆಯೋದು?

ಮುಂದೆ ನೀವು ಎಲ್ಲಿಗೇ ಹೋದರೂ ಮೊದಲು ಕೇಳುವುದು ಈ ಪತ್ರವನ್ನೇ. ಕಂಪನಿಯ ವೆಬ್‌ಸೈಟಿನ ಕೆಳಗೆ ಗ್ರಿವೆನ್ಸ್ ಆಫೀಸರ್ ಹೆಸರು, ವಿಳಾಸ ಇರಬೇಕು. ಅವರಿಗೆ ಇಮೇಲ್ ಕಳಿಸಿ, ಅದೇ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ, ರಸೀದಿ ಜೋಪಾನ ಮಾಡಿ. ಶಾಖೆಗೇ ಕೊಡುವುದಾದರೆ ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ನಾವು ಬರೆದದ್ದು ಹೆಚ್ಚುಕಮ್ಮಿ ಹೀಗಿತ್ತು:

"ನನ್ನ ಸಾಲದ ಖಾತೆ ಸಂಖ್ಯೆ ಇಂಥದ್ದು. ಇಂಥ ದಿನ ಇಷ್ಟು ಗಂಟೆಗೆ ಈ ನಂಬರಿನಿಂದ ಬಂದ ಕರೆಯಲ್ಲಿ ನನ್ನ ಸಾಲದ ಸಂಖ್ಯೆ, ಕಂತಿನ ಮೊತ್ತ ಮತ್ತು ನಿಮ್ಮ ಕಡತದಲ್ಲಿ ಮಾತ್ರ ಇರುವ ತಪ್ಪು ಇನಿಷಿಯಲ್ ಹೇಳಿದರು. ದಯವಿಟ್ಟು ಇವಕ್ಕೆ ಲಿಖಿತ ಉತ್ತರ ಕೊಡಿ. ನಿಮ್ಮಲ್ಲಿ ಅಥವಾ ನಿಮ್ಮ ಏಜೆಂಟರಲ್ಲಿ ಮಾಹಿತಿ ಸೋರಿಕೆ ಆಗಿದೆಯೇ? ಯಾವಾಗ ನಿಮಗೆ ತಿಳಿಯಿತು? ನನ್ನ ಯಾವ ಯಾವ ವಿವರ ಹೊರಗೆ ಹೋಗಿದೆ? ನನ್ನ ಮಾಹಿತಿಯನ್ನು ಯಾರ ಯಾರಿಗೆ ಕೊಟ್ಟಿದ್ದೀರಿ? ಸರ್ಟ್-ಇನ್‌ಗೆ ವರದಿ ಮಾಡಿದ್ದೀರಾ? ನನ್ನ ರಕ್ಷಣೆಗೆ ಏನು ಕ್ರಮ ತೆಗೆದುಕೊಂಡಿದ್ದೀರಿ?"

ಇಷ್ಟೇ. ಬೈಗುಳ ಬೇಡ, ಬೆದರಿಕೆ ಬೇಡ. ನಮಗೆ 29ನೇ ದಿನ ಎರಡು ಸಾಲಿನ ಉತ್ತರ ಬಂತು, ತಮ್ಮಿಂದ ಯಾವ ಸೋರಿಕೆಯೂ ಆಗಿಲ್ಲ ಅಂತ. ತಪ್ಪು ಇನಿಷಿಯಲ್ ಬಗ್ಗೆ ಒಂದಕ್ಷರ ಇರಲಿಲ್ಲ. ಹೀಗೆ ಉತ್ತರಿಸದೆ ಬಿಟ್ಟದ್ದೂ ನಮ್ಮ ಪರವಾಗಿ ಒಂದು ದಾಖಲೆಯೇ.

ಆರ್‌ಬಿಐ ಓಂಬುಡ್ಸ್‌ಮನ್ ಹತ್ತಿರ ಹೋಗೋದು ಹೇಗೆ?

ಬ್ಯಾಂಕು, ಫೈನಾನ್ಸ್ ಕಂಪನಿಗಳ ಮೇಲೆ ಗ್ರಾಹಕರು ಕೊಡುವ ದೂರು ಕೇಳುವ ಆರ್‌ಬಿಐ ಅಧಿಕಾರಿಯೇ ಓಂಬುಡ್ಸ್‌ಮನ್. ಕಂಪನಿಗೆ ಬರೆದು 30 ದಿನವಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ ಆರ್‌ಬಿಐನ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾತನಾಡುತ್ತಾರೆ. 2021ರ ಯೋಜನೆಯಲ್ಲಿ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕಿತ್ತು, ಗಡುವು ಬದಲಾಗಬಹುದು, ಹಾಗಾಗಿ ತಡ ಮಾಡಬೇಡಿ. ಅದೇ ಯೋಜನೆಯಲ್ಲಿ ನಷ್ಟಕ್ಕೆ ₹20 ಲಕ್ಷದವರೆಗೆ, ಓಡಾಟ ಮತ್ತು ಮಾನಸಿಕ ಹಿಂಸೆಗೆ ಬೇರೆಯಾಗಿ ₹1 ಲಕ್ಷದವರೆಗೆ ಕೊಡಿಸುವ ಅಧಿಕಾರ ಇವರಿಗಿತ್ತು.

ಒಂದು ಎಚ್ಚರಿಕೆ. ಅದೇ ವಿಷಯ ಆಗಲೇ ಕೋರ್ಟಿನಲ್ಲೋ ಗ್ರಾಹಕ ಆಯೋಗದಲ್ಲೋ ಇದ್ದರೆ ಓಂಬುಡ್ಸ್‌ಮನ್ ಮುಟ್ಟುವುದಿಲ್ಲ. ಹಾಗಾಗಿ ಮೊದಲು ಓಂಬುಡ್ಸ್‌ಮನ್, ಆಮೇಲೆ ಆಯೋಗ. ಸಹಕಾರಿ ಸೊಸೈಟಿ, ಸೌಹಾರ್ದ ಸಹಕಾರಿಗಳು ಈ ಯೋಜನೆಗೆ ಬರುವುದಿಲ್ಲ. ನಮ್ಮ ಊರುಗಳಲ್ಲಿ ಎಷ್ಟೋ ಜನರ ಠೇವಣಿ, ಸಾಲ ಇರುವುದು ಅಲ್ಲೇ. ಅವರು ನೇರವಾಗಿ ಗ್ರಾಹಕ ಆಯೋಗಕ್ಕೆ ಹೋಗಬೇಕು.

ಗ್ರಾಹಕ ಆಯೋಗದಲ್ಲಿ ಏನು ಕೇಳಬಹುದು?

ನನ್ನ ಪ್ರಕಾರ ಸಾಮಾನ್ಯ ಜನಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಎರಡು ಮಾತು ನಮಗೆ ಆಧಾರ. ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನು ಮೀರಿ ಬೇರೆಯವರಿಗೆ ಕೊಡುವುದು ಅನುಚಿತ ವ್ಯಾಪಾರ ಪದ್ಧತಿ. ಮತ್ತೆ, ಗ್ರಾಹಕರಿಗೆ ತಿಳಿಸಬೇಕಾದ ವಿಷಯವನ್ನು ಬೇಕೆಂದೇ ಮುಚ್ಚಿಡುವುದು ಸೇವೆಯ ಕೊರತೆ. ಅಂದರೆ ಸೋರಿಸಿದ್ದು ಒಂದು ತಪ್ಪು, ಮುಚ್ಚಿಟ್ಟದ್ದು ಇನ್ನೊಂದು.

ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ನೀವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಯಾವ ಆಯೋಗ ಎನ್ನುವುದು ನೀವು ಸೇವೆಗೆ ಕೊಟ್ಟ ಹಣದ ಮೇಲೆ ನಿಲ್ಲುತ್ತದೆ, ಕೇಳುವ ಪರಿಹಾರದ ಮೇಲಲ್ಲ. ₹50 ಲಕ್ಷದವರೆಗೆ ಜಿಲ್ಲಾ ಆಯೋಗ, ₹5 ಲಕ್ಷದವರೆಗೆ ಶುಲ್ಕವೇ ಇಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ಗೊಂದಲ ಇದ್ದರೆ 1915 ಗ್ರಾಹಕ ಸಹಾಯವಾಣಿ ಇದೆ. ಎರಡು ವರ್ಷದೊಳಗೆ ದೂರು ಹಾಕಬೇಕು, ಇದನ್ನು ಮರೆಯಬೇಡಿ.

ಸೇವೆಗೆ ಹಣ ಕೊಟ್ಟಿದ್ದೀರಿ ಎಂದು ತೋರಿಸಲು ಪ್ರೊಸೆಸಿಂಗ್ ಫೀ, ಪ್ರೀಮಿಯಂ, ಕಾರ್ಡಿನ ವಾರ್ಷಿಕ ಶುಲ್ಕ, ಯಾವುದಾದರೂ ರಸೀದಿ ಇಟ್ಟುಕೊಳ್ಳಿ.

ನಾವು ಐವತ್ತು ಜನ ಇದ್ದೇವೆ. ಒಟ್ಟಿಗೆ ಹೋಗಬಹುದಾ?

ಹೋಗಬಹುದು. ಒಂದೇ ಬಗೆಯ ತೊಂದರೆ ಆದ ಹಲವರ ಪರವಾಗಿ ಒಬ್ಬರು ಅಥವಾ ಕೆಲವರು, ಆಯೋಗದ ಅನುಮತಿ ಪಡೆದು ದೂರು ಹಾಕಲು ಗ್ರಾಹಕ ಸಂರಕ್ಷಣಾ ಕಾಯ್ದೆಯ 35ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಎಲ್ಲರ ಕಾಗದ ಒಬ್ಬರ ಹತ್ತಿರ ಜೋಡಿಸಿದರೆ, ಸೋರಿಕೆ ಒಂದೇ ಕಡೆಯಿಂದ ಆಗಿದೆ ಎಂದು ತೋರಿಸುವುದು ಬಹಳ ಸುಲಭವಾಗುತ್ತದೆ.

ನನ್ನ ಹೆಸರಲ್ಲಿ ಯಾರೋ ಸಾಲ ತೆಗೆದಿದ್ದಾರೆ. ಈಗ?

ಇದು ಸೋರಿಕೆಯ ಬಹಳ ಕೆಟ್ಟ ಫಲ, ಯಾಕೆಂದರೆ ಗೊತ್ತಾಗುವುದೇ ತಡವಾಗಿ. ಮಗಳ ಓದಿಗೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು "ನಿಮ್ಮದು ಒಂದು ಸಾಲ ಬಾಕಿ ಇದೆಯಲ್ಲಾ" ಎನ್ನುತ್ತಾರೆ.

ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂಬ, ಎಲ್ಲರ ಸಾಲದ ಲೆಕ್ಕ ಇಡುವ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ಕ್ರೆಡಿಟ್ ವರದಿಯನ್ನು ಪುಕ್ಕಟೆ ಕೊಡಬೇಕು. ಮೂರು ತಿಂಗಳಿಗೊಂದರಂತೆ ಒಬ್ಬೊಬ್ಬರಿಂದ ತರಿಸಿಕೊಂಡರೆ ವರ್ಷವಿಡೀ ಕಣ್ಣಿಟ್ಟಂತೆ ಆಗುತ್ತದೆ. ನಿಮ್ಮದಲ್ಲದ ಸಾಲ ಕಂಡರೆ ಆ ಕಂಪನಿಗೂ ಸಾಲ ಕೊಟ್ಟವರಿಗೂ ತಕರಾರು ಸಲ್ಲಿಸಿ. 30 ದಿನದೊಳಗೆ ಸರಿಮಾಡಬೇಕು. ದಾಟಿದರೆ ದಿನಕ್ಕೆ ₹100ರಂತೆ ನಿಮಗೆ ಪರಿಹಾರ ಕೊಡಬೇಕು ಎಂಬ ಆರ್‌ಬಿಐ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಇದರ ಜೊತೆಗೆ ಪೊಲೀಸ್ ದೂರೂ ಬೇಕು. ಬೇರೆಯವರ ಗುರುತು ಕದ್ದು ಬಳಸುವುದು ಐಟಿ ಕಾಯ್ದೆಯ 66ಸಿ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಜೈಲಿದೆ.

ವಸೂಲಿಯವರು ಮನೆ ಬಾಗಿಲಿಗೆ ಬಂದರೆ "ಸ್ವಲ್ಪ ಕಟ್ಟಿಬಿಡೋಣ, ಕಾಟ ತಪ್ಪಲಿ" ಎಂದು ಒಂದು ಕಂತೂ ಕಟ್ಟಬೇಡಿ. ಕಟ್ಟಿದರೆ ಸಾಲ ನಿಮ್ಮದೇ ಎಂದು ಒಪ್ಪಿಕೊಂಡ ಹಾಗೆ ಅವರು ವಾದ ಮಾಡುತ್ತಾರೆ.

ಆಧಾರ್ ನಂಬರ್ ಸೋರಿದರೆ?

ನಂಬರ್‌ಗಿಂತ ಬೆರಳಚ್ಚಿನ ಚಿಂತೆ ಮಾಡಿ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಆಧಾರ್ ಆಧಾರಿತ ಪಾವತಿ ಮೂಲಕ ಹಣ ಹೋದ ದೂರುಗಳು ಬಂದಿದ್ದವು. ಅಲ್ಲಿ ಒಟಿಪಿ ಬೇಕಿಲ್ಲ, ಬೆರಳಚ್ಚು ಸಾಕು. ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡಿ, ಬೇಕಾದಾಗ ತೆಗೆಯಬಹುದು. ಹೀಗೆ ಹೋದ ಹಣಕ್ಕೂ ಮೇಲೆ ಹೇಳಿದ ಮೂರು ದಿನದ ಲೆಕ್ಕದಲ್ಲೇ ಬ್ಯಾಂಕಿಗೆ ತಿಳಿಸಿ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂದು ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡಬಹುದು, ಅದನ್ನೂ ಒಮ್ಮೆ ನೋಡಿ.

ಸಾಲದ ಆ್ಯಪ್ ನನ್ನ ಕಾಂಟ್ಯಾಕ್ಟ್ ಪಟ್ಟಿ ಕದ್ದು ನೆಂಟರಿಗೆಲ್ಲ ಫೋನ್ ಮಾಡುತ್ತಿದೆ.

ಅದು ಸೋರಿಕೆ ಅಲ್ಲ, ದರೋಡೆ. ಸಾಲದ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್, ಫೋಟೋ, ಕಾಲ್ ಲಾಗ್ ಮುಟ್ಟಬಾರದು ಎಂದು ಆರ್‌ಬಿಐ 2022ರಲ್ಲೇ ಹೇಳಿದೆ. ಆ್ಯಪ್ ಹಿಂದೆ ನೋಂದಾಯಿತ ಕಂಪನಿ ಇದ್ದರೆ ಓಂಬುಡ್ಸ್‌ಮನ್‌ಗೆ, ಇಲ್ಲದಿದ್ದರೆ ಆರ್‌ಬಿಐನ ಸಚೇತ್ ಪೋರ್ಟಲ್ ಮತ್ತು ಪೊಲೀಸರಿಗೆ. ಬೆದರಿಕೆಗೆ ಹೆದರಿ ಒಬ್ಬರೇ ನರಳಬೇಡಿ. ಮನೆಯವರಿಗೆ ಅವತ್ತೇ ಹೇಳಿ, ದಯವಿಟ್ಟು.

ಅಮೆರಿಕದಲ್ಲಿರುವ ಮಗನಿಗೆ "ಸೆಟಲ್‌ಮೆಂಟ್" ಅಂತ ಕಾಗದ ಬಂದಿದೆ. ನಿಜವಾ, ಮೋಸವಾ?

ನಿಜವೂ ಇರಬಹುದು. ಅಲ್ಲಿ ಒಬ್ಬರು ಎಲ್ಲರ ಪರವಾಗಿ ಕೇಸು ಹಾಕುತ್ತಾರೆ, ಕಂಪನಿ ರಾಜಿಗೆ ಬಂದರೆ ತೊಂದರೆಗೊಳಗಾದ ಎಲ್ಲರಿಗೂ ಕಾಗದ ಹೋಗುತ್ತದೆ. 2017ರಲ್ಲಿ ಈಕ್ವಿಫ್ಯಾಕ್ಸ್‌ನಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಹೋಯಿತು. 2019ರ ರಾಜಿಯಲ್ಲಿ ಕಂಪನಿ 70 ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಿತು. ಒಬ್ಬೊಬ್ಬರಿಗೆ 125 ಡಾಲರ್ ಸಿಗುತ್ತದೆ ಎಂದು ಜನ ಅರ್ಜಿ ಹಾಕಿದರು. ಅರ್ಜಿಗಳು ಎಷ್ಟು ಬಂದವೆಂದರೆ ಕೊನೆಗೆ ಬಹಳ ಜನರ ಕೈಗೆ ಬಂದದ್ದು ಕೆಲವೇ ಡಾಲರ್. 2019ರಲ್ಲಿ ಮಾಹಿತಿ ಸೋರಿದ ಕ್ಯಾಪಿಟಲ್ ಒನ್ ಬ್ಯಾಂಕಿನ ರಾಜಿ 19 ಕೋಟಿ ಡಾಲರ್‌ನದು.

ಕಾಗದದಲ್ಲಿರುವ ಲಿಂಕ್ ಒತ್ತದೆ, ಕೋರ್ಟಿನ ಕೇಸು ನಂಬರ್ ಇಟ್ಟು ಬೇರೆಯಾಗಿ ಹುಡುಕಿ ನೋಡಲು ಹೇಳಿ. ಕೊನೆಯ ದಿನಾಂಕ ನೋಡಿಕೊಳ್ಳಲಿ. ಓದಲು ಹೋದವರು, ಕೆಲಸದ ವೀಸಾದಲ್ಲಿ ಇರುವವರು ಕೂಡ ಅರ್ಜಿ ಹಾಕಬಹುದು, ಪೌರತ್ವದ ಪ್ರಶ್ನೆ ಸಾಮಾನ್ಯವಾಗಿ ಬರುವುದಿಲ್ಲ. ಹೇಗಿದ್ದರೂ ಅಲ್ಲಿನ ಮೂರು ಕ್ರೆಡಿಟ್ ಕಂಪನಿಗಳಲ್ಲಿ ಕ್ರೆಡಿಟ್ ಫ್ರೀಜ್, ಅಂದರೆ ತನ್ನ ಹೆಸರಲ್ಲಿ ಬೇರೆಯವರು ಸಾಲ ತೆಗೆಯದಂತೆ ತಡೆ, ಮಾಡಿಸಿಕೊಳ್ಳುವುದು ಒಳ್ಳೆಯದು, 2018ರಿಂದ ಅದು ಉಚಿತ.

ವಕೀಲರು ಬೇಕೇ ಬೇಕಾ?

ಓಂಬುಡ್ಸ್‌ಮನ್, ಗ್ರಾಹಕ ಆಯೋಗ ಎರಡಕ್ಕೂ ಕಡ್ಡಾಯವಿಲ್ಲ. 43ಎ ಕೇಸಿಗೆ ಮಾತ್ರ ತಿಳಿದವರೊಬ್ಬರು ಜೊತೆಗಿದ್ದರೆ ಒಳ್ಳೆಯದು. ಖರ್ಚಿನ ಚಿಂತೆ ಇದ್ದರೆ ಜಿಲ್ಲಾ ಕೋರ್ಟ್ ಆವರಣದ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ.

ಎಷ್ಟು ದಿನ ಹಿಡಿಯುತ್ತದೆ?

ಗ್ರಾಹಕ ಆಯೋಗದ ದೂರಿಗೆ ಕಾಯ್ದೆ ಹೇಳುವುದು ಮೂರು ತಿಂಗಳು. ನಿಜದಲ್ಲಿ ಅದಕ್ಕಿಂತ ಜಾಸ್ತಿ ಆಗುತ್ತದೆ, ಅದಕ್ಕೆ ಸಿದ್ಧರಾಗಿಯೇ ಹೋಗಿ. ಆದರೆ ಒಂದು ಗಡುವು ಮಾತ್ರ ಗಟ್ಟಿ. ದೂರಿನ ಪ್ರತಿ ತಲುಪಿದ 30 ದಿನದೊಳಗೆ ಕಂಪನಿ ಉತ್ತರ ಹಾಕಬೇಕು, ಆಯೋಗ ಹೆಚ್ಚೆಂದರೆ ಇನ್ನು 15 ದಿನ ಕೊಡಬಹುದು. 45 ದಿನ ದಾಟಿದರೆ ಉತ್ತರ ತೆಗೆದುಕೊಳ್ಳುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ.

ದೊಡ್ಡಮ್ಮನ ದೂರು ಈಗ ಜಿಲ್ಲಾ ಆಯೋಗದಲ್ಲಿದೆ. ಕಂಪನಿಯ ವಕೀಲರು ಹೋದ ವಾಯಿದೆಯಲ್ಲಿ ಸಮಯ ಕೇಳಿದರು. ದೊಡ್ಡಮ್ಮ ಮನೆಗೆ ಬಂದು, ಅಕ್ಕ ಅವತ್ತು ಬರೆದ ಅದೇ ಕ್ಯಾಲೆಂಡರಿನ ಪಕ್ಕ ಹೊಸದೊಂದನ್ನು ನೇತುಹಾಕಿ, 45ನೇ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾರೆ.